ನಮ್ಮ ತರಗತಿಯ ನಡುಗೋಡೆಯ ಮೇಲೊಂದು ದೂರು

ಗಣಿತ ಬೋಧನಾ ಅಧ್ಯಯನದ ಮುಖ್ಯಸ್ಥರಾದ ಮಾನ್ಯರೇ,

ಬೆರಳಿಗೆ ಅಂಟಿದ ಸೀಮೆಸುಣ್ಣದ ಪುಡಿಯ ಸಮೇತ ಕೈಜೋಡಿಸಿ ಮಾಡುವ ನಮಸ್ಕಾರಗಳು. ಅಧ್ಯಯನದಲ್ಲಿ ಭಾಗವಹಿಸಲು ಮಾಧ್ಯಮಿಕ ಶಾಲೆಯ ಗಣಿತ ಶಿಕ್ಷಕರು ಬೇಕಾಗಿದ್ದಾರೆ ಎಂಬ ತಮ್ಮ ಪ್ರಕಟಣೆ ನಮ್ಮ ಶಾಲೆಗೆ ಬಂದ ದಿನ, ಉಳಿದವರೆಲ್ಲ ನೀರು ಕುಡಿಯುವ ನೆಪದಲ್ಲಿ ಜಾಗ ಖಾಲಿ ಮಾಡಿದಾಗ, ಹಿಂದೆಮುಂದೆ ನೋಡದೆ ಒಪ್ಪಿಕೊಂಡವರು ನಾನು ಮತ್ತು ಪಕ್ಕದ ಕೊಠಡಿಯಲ್ಲಿ ಪಾಠ ಮಾಡುವ ನನ್ನ ನಾದಿನಿ. ತಾವು ಚೀಟಿ ಎತ್ತಿ ಅವಳಿಗೆ ಹೊಸ ವಿಧಾನವನ್ನೂ ಬಣ್ಣದ ಕಾಗದದ ಪಟ್ಟಿಗಳ ಪೆಟ್ಟಿಗೆಯನ್ನೂ ದಯಪಾಲಿಸಿದಿರಿ. ನನ್ನನ್ನು, ಹೊಸ ವಿಧಾನದ ಫಲವನ್ನು ಹಳೆಯದರೊಂದಿಗೆ ತೂಗಿನೋಡಲೆಂದು, ಹೋಲಿಕೆಯ ಗುಂಪಿಗೆ ಸೇರಿಸಿ, ವರ್ಷ ಮುಗಿಯುವವರೆಗೆ ಏನನ್ನೂ ಬದಲಾಯಿಸದೆ ಎಂದಿನಂತೆಯೇ ಪಾಠ ಮಾಡಬೇಕೆಂದು ಅಪ್ಪಣೆ ಕೊಟ್ಟಿರಿ. ಸುಧಾರಿಸಬೇಡಿ ಎಂದು ನನ್ನನ್ನು ಇಷ್ಟು ವಿನಯದಿಂದ ಕೇಳಿಕೊಂಡವರು ಇದುವರೆಗೆ ಯಾರೂ ಇರಲಿಲ್ಲ. ನನ್ನ ಅತ್ತೆಯವರಂತೂ ಈ ಮಾತನ್ನು ಇನ್ನೂ ನಂಬಿಲ್ಲ.

ಅಪ್ಪಣೆಯನ್ನು ಶಿರಸಾವಹಿಸಿದೆ. ಭಿನ್ನರಾಶಿಯ ಭಾಗಾಕಾರ ಬಂದಾಗ, ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿ ಎಂದು ಎಂದಿನಂತೆ ಹೇಳಿ ಎಂದಿನಂತೆ ಕೆಮ್ಮಿದೆ. ಗೋಡೆ ಪಕ್ಕದ ಬೆಂಚಿನ ಹುಡುಗಿ, ನಾವೆಲ್ಲ ಯಾಕಮ್ಮ ಎಂದೇ ಕರೆಯುವವಳು, ತಲೆಕೆಳಗು ಯಾಕೆ ಎಂದು ಕೇಳಿದಳು. ಅದು ನಿಯಮ ಎಂದೆ. ಆಕೆಯ ಕಣ್ಣು ತುಂಬಿ, ಈ ಗಣಿತ ತನ್ನ ತಲೆಗೆ ಹತ್ತುವುದಿಲ್ಲವೆಂದು ಪುಸ್ತಕ ಮುಚ್ಚಿಬಿಟ್ಟಾಗ ನನಗಾದ ಸಂಕಟ ಅಷ್ಟಿಷ್ಟಲ್ಲ. ಉತ್ತರ ನಾದಿನಿಯ ರೂಪದಲ್ಲಿ ನಮ್ಮ ಅಡುಗೆಮನೆಯಲ್ಲೇ ಸೊಪ್ಪು ಬಿಡಿಸುತ್ತಾ ಕೂತಿರುತ್ತದೆ. ಆದರೆ ಒಪ್ಪಂದದ ಪ್ರಕಾರ ಅತ್ತಿಗೆ ನಾದಿನಿಯರು ವಿಧಾನದ ಬಗ್ಗೆ ತುಟಿಪಿಟಕ್ಕೆನ್ನುವಂತಿಲ್ಲ. ಹೀಗಾಗಿ ನಾವು ಒಗೆದ ಬಟ್ಟೆ ಒಣಗಿತೇ ಎಂಬ ವಿಷಯವನ್ನು ಬಹಳ ಆಳವಾಗಿ ಚರ್ಚಿಸುತ್ತೇವೆ.

ಇನ್ನು ದೂರಿಗೆ ಬರುತ್ತೇನೆ. ನಮ್ಮ ಎರಡು ಕೊಠಡಿಗಳ ನಡುವೆ ಇರುವುದು ತೆಳು ಹಲಗೆಯ ಗೋಡೆ. ಆಚೆ ನಾದಿನಿ ಅರ್ಧ ಪಟ್ಟಿಯಲ್ಲಿ ಕಾಲು ಪಟ್ಟಿ ಎಷ್ಟು ಸಲ ಕೂರುತ್ತದೆ ಎಂದು ಕೇಳಿದರೆ, ಈಚೆ ನನ್ನ ಮಕ್ಕಳು ಅವಳ ಮಕ್ಕಳಿಗಿಂತ ಮೊದಲೇ ಎರಡು ಎಂದು ಕೂಗುತ್ತಾರೆ. ಮೊನ್ನೆ ಯಾಕಮ್ಮ ಗೋಡೆಗೆ ಕಿವಿಯಿಟ್ಟುಕೊಂಡೇ ಕಾಗದ ಹರಿದು, ಜೋಡಿಸಿ, ದಡಕ್ಕನೆ ಎದ್ದು ನಿಂತು, “ಒಂದರಲ್ಲಿ ಕಾಲು ನಾಲ್ಕು ಸಲ ಕೂರುತ್ತೆ, ಹಾಗಾದ್ರೆ ಅರ್ಧದಲ್ಲಿ ನಾಲ್ಕರ ಅರ್ಧ! ಅದಕ್ಕೇ ತಲೆಕೆಳಗು! ಅಷ್ಟೇನಾ ಮೇಡಂ?” ಎಂದು ಕಿರುಚಿದಳು. ತರಗತಿ ಬೆಂಚು ಬಡಿಯಿತು. ಎಂದಿನಂತೆ ನಾನು ಕುಣಿಯುವವಳಲ್ಲವಾದ್ದರಿಂದ, ಹೊರಗೆ ಹೋಗಿ ಮೊಗಸಾಲೆಯಲ್ಲಿ ಕುಣಿದು ಬಂದೆ.

ಆದ್ದರಿಂದ ತಾವು ದಯಮಾಡಿ ಸದ್ದು ದಾಟದಂತೆ ಗೋಡೆಗೆ ಹಾಸಿಗೆ ಹೊಲಿಸಬೇಕು. ಪಕ್ಕದ ಮಕ್ಕಳು ಸದ್ದಿಲ್ಲದೆ ಸಂತೋಷಪಡುವಂತೆ ತರಬೇತಿ ಕೊಡಿಸಬೇಕು. ಆಟದ ಬಯಲಿನಲ್ಲಿ ಎರಡು ತರಗತಿಗಳು ಬೆರೆಯದಂತೆ ಬೇಲಿ ಹಾಕಿಸಬೇಕು. ಮತ್ತು ಯಾಕಮ್ಮನಿಗೆ ಅರ್ಥವಾದದ್ದನ್ನು ವಾಪಸ್ ಪಡೆಯುವ ಉಪಕರಣ ತಮ್ಮಲ್ಲಿದ್ದರೆ ಕೂಡಲೇ ಕಳುಹಿಸಬೇಕು. ಇದಾವುದೂ ಆಗದಿದ್ದರೆ ನನ್ನನ್ನು ಗುಂಪಿನಿಂದ ಬಿಡುಗಡೆ ಮಾಡಿ. ಆ ಹುಡುಗಿ ಪುಸ್ತಕ ಮತ್ತೆ ತೆರೆದಿದ್ದಾಳೆ, ನಾಳೆಯೂ ಯಾಕೆ ಎಂದು ಕೇಳುತ್ತಾಳೆ, ನಾನು ಉತ್ತರ ಹೇಳುವವಳೇ.

ಎಂದಿನಂತೆ ಉಳಿಯಲಾರದ,
ತಮ್ಮ ವಿಶ್ವಾಸಿ,
ಹಲಗೆ ಗೋಡೆಯ ಈಚಿನ ಗಣಿತದ ಮೇಡಂ

ತಾ.ಕ.: ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ನನ್ನ ಪಾಠ ಗಮನಿಸಲೆಂದು ತಾವು ಕಳಿಸಿದ ವೀಕ್ಷಕರು ಈಗ ಗೋಡೆ ಪಕ್ಕದ ಬೆಂಚಿಗೆ ಸ್ಥಳಾಂತರಗೊಂಡಿದ್ದು, ತಲೆಕೆಳಗು ಯಾಕೆಂಬುದನ್ನು ಯಾಕಮ್ಮನಿಂದ ಎರಡು ಸಲ ಹೇಳಿಸಿಕೊಂಡಿದ್ದಾರೆ. ಅಲ್ಲಿ ಇನ್ನೊಬ್ಬರಿಗೆ ಜಾಗವಿದೆ. ತಾವು ಬರುವಾಗ ಕಾಗದದ ಪಟ್ಟಿ ತರುವುದನ್ನು ಮರೆಯಬೇಡಿ.