ಹಳದಿ ಅಂಗೈ

ಎಲ್ಲಾ ಆದದ್ದು ಬೆಳಗಿನ ಬಿಸಿಲಿನಿಂದ. ಅವತ್ತು ಒಂದಿಷ್ಟು ಮೋಡವಿದ್ದಿದ್ದರೆ ಆಮೆಯಣ್ಣ ತನ್ನ ಪಾಡಿಗೆ ತಾನು ಬಸ್ಸು ಓಡಿಸಿಕೊಂಡು ಇರುತ್ತಿದ್ದ. ಆದರೆ ಗ್ರಹಚಾರ ನೋಡಿ, ಅವನು ಹಾಲಿನ ಪಾತ್ರೆ ಎತ್ತಿಕೊಳ್ಳಲು ಬಾಗಿಲಾಚೆ ಕೈ ಚಾಚುವುದಕ್ಕೂ, ಬಿಸಿಲು ನೇರ ಅಂಗೈ ಮೇಲೆ ಬೀಳುವುದಕ್ಕೂ, ಪಕ್ಕದ ಮನೆಯ ನರ್ಸಮ್ಮ ಹೊರಗೆ ಬರುವುದಕ್ಕೂ ಸರಿಹೋಯಿತು. ಆಕೆ ಆಸ್ಪತ್ರೆಯಿಂದ ನಿವೃತ್ತಿಯಾಗಿದ್ದರೇ ಹೊರತು ರೋಗಿಗಳನ್ನು ಹುಡುಕುವುದನ್ನು ಬಿಟ್ಟಿರಲಿಲ್ಲ.

"ಎಲ್ಲಿ, ಆ ಕೈ ತೋರ್ಸಪ್ಪ," ಎಂದು ಹತ್ತಿರ ಬಂದವರು ಅಂಗೈ ಹಿಡಿದು ತಿರುಗಿಸಿ, "ಅಯ್ಯಯ್ಯೋ! ಕಾಮಾಲೆ!" ಎಂದು ಕೂಗಿಕೊಂಡರು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಅಂಗೈ ನಿಜಕ್ಕೂ ಹಳದಿಯಾಗಿತ್ತು. ಮನೆಯ ಮಂಕು ದೀಪದಲ್ಲಿ ಗಂಡನಿಗೂ ಗೊತ್ತಾಗಿರಲಿಲ್ಲ, ಹೆಂಡತಿಗೂ ಗೊತ್ತಾಗಿರಲಿಲ್ಲ. ಗಂಡನಿಗಂತೂ ಗೊತ್ತಾಗುವ ಹಾಗೇ ಇರಲಿಲ್ಲ, ಏಕೆಂದರೆ ಅವನ ಕಣ್ಣು ಹೋಗುತ್ತಾ ಬಂದಿತ್ತು.

ಇದು ಊರಿಗೆ ತಿಳಿಯದ ಗುಟ್ಟು. ಮೆಲ್ಲಗೆ ಓಡಿಸುತ್ತಾನೆಂದು ಪ್ರಯಾಣಿಕರು ಅವನಿಗೆ ಆಮೆ ಎಂದು ಹೆಸರಿಟ್ಟಿದ್ದರು. ಮುಂದಿನದು ಮಂಜು ಮಂಜಾಗಿ ಕಾಣುವವನು ಇನ್ನು ಹೇಗೆ ಓಡಿಸಿಯಾನು? ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮತ್ತು ಅವನ ಬಸ್ಸಿನ ಕಂಡಕ್ಟರಿಗೆ ಮಾತ್ರ. ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು ಎಂಬುದು ಎಲ್ಲ ಬಸ್ಸಿನಲ್ಲೂ ಇರುವ ಲೆಕ್ಕ. ಇವರಿಬ್ಬರು ಅದರ ಮೇಲೆ ಇನ್ನೊಂದು ಸೇರಿಸಿಕೊಂಡಿದ್ದರು. ಮೂರು ಗಿಡ್ಡ ಸೀಟಿ ಎಂದರೆ ಮುಂದೆ ಕೆಂಪು ದೀಪ. ತಪ್ಪಲ್ಲವೇ ಎಂದರೆ ತಪ್ಪೇ. ಅದು ಆಮೆಯಣ್ಣನಿಗೂ ಗೊತ್ತಿತ್ತು, ಅದಕ್ಕೇ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆದರೆ ಕಣ್ಣಿನ ವಿಷಯ ಬಾಯಿಬಿಟ್ಟರೆ ಸ್ಟೀರಿಂಗ್ ಕೈತಪ್ಪುತ್ತದೆ. ಹರೆಯದಲ್ಲಿ ಹಿಡಿದ ಸ್ಟೀರಿಂಗ್ ಬಿಟ್ಟರೆ ಅವನ ಕೈಗೆ ಬೇರೇನೂ ಬರುತ್ತಿರಲಿಲ್ಲ.

ಕಂಡಕ್ಟರೇ ದಾರಿ ಹೇಳಿದ್ದ. "ಅಣ್ಣಾ, ಕ್ಯಾರೆಟ್ ತಿನ್ನಿ. ಹಸೀದೇ ತಿನ್ಬೇಕು, ಬೇಯಿಸಿದ್ರೆ ಸತ್ವ ಎಲ್ಲಾ ಹೋಗ್ಬಿಡುತ್ತೆ."

ಹೆಂಡತಿ ಒಪ್ಪಲಿಲ್ಲ. "ಹಸೀದು ತಿಂದ್ರೆ ಹಾಗೇ ಹೊರಗೆ ಹೋಗುತ್ತೆ ಅಷ್ಟೇ. ಎಣ್ಣೇಲಿ ಬಾಡಿಸಿ ಮುಚ್ಚಿ ಬೇಯಿಸಿದ್ರೇನೇ ಮೈಗೆ ಹತ್ತೋದು."

ಇಬ್ಬರನ್ನೂ ಎದುರುಹಾಕಿಕೊಳ್ಳುವ ಧೈರ್ಯವಿಲ್ಲದ ಆಮೆಯಣ್ಣ ಬಸ್ಸಿನಲ್ಲಿ ಹಸಿಯದನ್ನು ಕಡಿದ, ಮನೆಯಲ್ಲಿ ಬೇಯಿಸಿದ್ದನ್ನು ನುಂಗಿದ. ಬೇಯಿಸಿದ ನೀರನ್ನು ಚೆಲ್ಲಬಾರದೆಂದು ಹೆಂಡತಿ ಅದನ್ನೂ ಕುಡಿಸಿದಳು. ಜೊತೆಗಿರಲಿ ಎಂದು ಕೆಂಪು ಸಿಹಿಗೆಣಸನ್ನು ಸಿಪ್ಪೆ ಸಮೇತ ಸುಟ್ಟು ಕೊಟ್ಟಳು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಕಣ್ಣಿನ ಮಂಜು ಮಾತ್ರ ಕದಲಲಿಲ್ಲ.

ಈಗ ನೋಡಿದರೆ ಕಾಮಾಲೆ! ಆಮೆಯಣ್ಣ ಜಗಲಿಯ ಮೇಲೆ ಕುಸಿದು ಕೂತ. ಅವನ ಅಪ್ಪ ಹೋದದ್ದೂ ಹೀಗೇ ಹಳದಿಯಾಗಿ.

ನರ್ಸಮ್ಮ ಬಿಟ್ಟಾರೆಯೇ? ಮೂಲಂಗಿಯನ್ನು ಎಲೆ ಸಮೇತ ಅರೆದು ದೊಡ್ಡ ಲೋಟದ ತುಂಬ ರಸ ತಂದರು. "ಒಂದೇ ಉಸಿರಿಗೆ ಕುಡಿ. ಇವಳೇ, ಇವತ್ತಿಂದ ಇವನಿಗೆ ಎಣ್ಣೆ, ಉಪ್ಪು, ಖಾರ ಎಲ್ಲಾ ಬಂದ್!"

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾನು ಎಣ್ಣೇಲಿ ಬಾಡಿಸಿದ್ದೇ ತಪ್ಪಾಯ್ತೇನೋ ರೀ."

"ನಿಂದೇನೂ ತಪ್ಪಿಲ್ಲ ಬಿಡು," ಎಂದ ಆಮೆಯಣ್ಣ. ಹಾಗೆ ಹೇಳುವಾಗಲೇ ಮೊದಲ ತೇಗು ಬಂತು. ಹಾಲು ಕುಡಿಯುತ್ತಿದ್ದ ಬೆಕ್ಕು ಎದ್ದು ಆಚೆ ಹೋಯಿತು.

ಅವನು ಡಿಪೋ ತಲುಪುವ ಮೊದಲೇ ಸುದ್ದಿ ತಲುಪಿತ್ತು. ನರ್ಸಮ್ಮನ ಅಳಿಯ ಅಲ್ಲಿ ಮೆಕ್ಯಾನಿಕ್. ಜೊತೆಯ ಚಾಲಕರು ಬೆಂಚಿನ ಆ ತುದಿಗೆ ಸರಿದರು. ಟೀ ಕೊಡುವವನು ಲೋಟವನ್ನು ಕೈಗೆ ಕೊಡದೆ ನೆಲದ ಮೇಲಿಟ್ಟು ಹಿಂದೆ ಸರಿದ. ಇಷ್ಟು ವರ್ಷ ಹೆಗಲ ಮೇಲೆ ಕೈಹಾಕಿ ನಕ್ಕವರು ಹೀಗೆ ಮಾಡಿದರಲ್ಲ ಎಂದುಕೊಂಡು ಅವನೇ ಬಗ್ಗಿ ಲೋಟ ಎತ್ತಿಕೊಂಡ. ಕಂಡಕ್ಟರ್ ಒಬ್ಬನೇ ಹತ್ತಿರ ಬಂದ, ಆದರೆ ಅಷ್ಟರಲ್ಲಿ ಇನ್ನೊಂದು ತೇಗು ಬಂದು ಅವನೂ ಮುಖ ತಿರುಗಿಸಬೇಕಾಯಿತು.

ಮ್ಯಾನೇಜರ್ ಒಳಗೆ ಕರೆದು, ಬಾಗಿಲಲ್ಲೇ ನಿಲ್ಲಿಸಿದರು. "ನಿಮ್ಮಂಥ ಡ್ರೈವರ್ ಇನ್ನೊಬ್ಬರಿಲ್ಲ, ನಿಜ. ಒಂದು ಗೀಚು ಕೂಡ ಮಾಡಿಲ್ಲ ಬಸ್ಸಿಗೆ. ಆದ್ರೆ ಜನರಿಗೆ ಅಂಟಿಸೋಕಾಗಲ್ವಲ್ಲ ರೀ. ಈಗಲೇ ಡಾಕ್ಟರ ಹತ್ರ ಹೋಗಿ. ಏನೂ ಇಲ್ಲ ಅಂತ ಅವರೇ ನನಗೆ ಫೋನ್ ಮಾಡಿ ಹೇಳ್ಬೇಕು. ಇಲ್ಲದಿದ್ರೆ ನಿಮ್ಮ ಬಸ್ಸು ಬೇರೆಯವರಿಗೆ."

"ಆಗ್ಲಿ ಸಾರ್," ಎನ್ನಲು ಬಾಯಿ ತೆರೆದ. ಮಾತಿಗಿಂತ ಮೊದಲು ಮೂಲಂಗಿ ಹೊರಬಂತು. ಮ್ಯಾನೇಜರ್ ಫ್ಯಾನ್ ಜೋರು ಮಾಡಿದರು.

ದವಾಖಾನೆಯಲ್ಲಿ ಡಾಕ್ಟರ್ ಅಂಗೈ ನೋಡಿದರು, ಅಂಗಾಲು ನೋಡಿದರು, ಕೆಳರೆಪ್ಪೆ ಎಳೆದು ಟಾರ್ಚು ಬಿಟ್ಟರು. "ಕಣ್ಣಿನ ಬಿಳಿ ಬೆಳ್ಳಗೇ ಇದೆಯಲ್ರೀ. ಕಾಮಾಲೆ ಅಲ್ಲ ಇದು. ಕ್ಯಾರೆಟ್ ತಿಂತೀರಾ?"

"ತಿಂತೀನಿ ಸಾರ್."

"ಎಷ್ಟು?"

ಆಮೆಯಣ್ಣ ಹಸಿಯದು, ಬೇಯಿಸಿದ್ದು, ಅದರ ನೀರು ಎಲ್ಲದರ ಲೆಕ್ಕ ಹೇಳಿದ. ಡಾಕ್ಟರ್ ಟಾರ್ಚು ಕೆಳಗಿಟ್ಟು ನಕ್ಕರು. "ಕ್ಯಾರೆಟ್ಟಿನ ಬಣ್ಣ ಚರ್ಮಕ್ಕಿಳಿದಿದೆ, ಅಷ್ಟೇ! ಅದ್ರಲ್ಲೂ ಎಣ್ಣೇಲಿ ಬೇಯಿಸಿದ್ದು ಬೇಗ ಮೈಗೆ ಹತ್ತುತ್ತೆ. ಕೆಲವು ವಾರ ಬಿಡಿ, ತಾನಾಗೇ ಹೋಗುತ್ತೆ. ಅಷ್ಟೊಂದು ಯಾಕೆ ತಿಂದ್ರಿ, ಕಣ್ಣಿಗೆ ಅಂತಾನಾ? ಸತ್ವ ಕಮ್ಮಿಯಾಗಿ ಕಣ್ಣು ಮಂದವಾದವರಿಗೆ ಅದು ಸರಿ. ವಯಸ್ಸಿನ ಮಂಜಿಗೆ ಮೂಟೆಗಟ್ಟಲೆ ತಿಂದ್ರೂ ಏನೂ ಆಗಲ್ಲ."

"ಇಲ್ಲ ಸಾರ್, ರುಚಿಗೆ," ಎಂದ ಆಮೆಯಣ್ಣ. ಒಳಗೊಳಗೇ ಅವನಿಗೆ ಅಳು ಬಂತು. ಸಾಯುವುದಿಲ್ಲ ಎಂಬ ಸಂತೋಷವನ್ನು, ಕಣ್ಣು ಬರುವುದಿಲ್ಲ ಎಂಬ ಸಂಕಟ ಬಂದು ನುಂಗಿತು. ಹೋಗಲಿ, ಸ್ಟೀರಿಂಗಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಡಿಪೋಗೆ ಹಿಂತಿರುಗಿದ.

ಅಷ್ಟರಲ್ಲಿ ಡಾಕ್ಟರ್ ಫೋನ್ ಮಾಡಿ ಆಗಿತ್ತು. ಡಿಪೋ ಇಡೀ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. "ಬನ್ರೀ ಕ್ಯಾರೆಟ್ಟು!" ಎಂದು ಮ್ಯಾನೇಜರ್ ಈ ಸಲ ಕುರ್ಚಿಯನ್ನೇ ಎಳೆದು ಕೂರಿಸಿದರು. ಬೆಂಚಿನ ಆ ತುದಿಗೆ ಓಡಿದವರೆಲ್ಲ ಬಾಗಿಲಲ್ಲಿ ಜಮಾಯಿಸಿದರು. ಕಂಡಕ್ಟರ್ ಖುಷಿಯಿಂದ ಕುಣಿಯುವುದೊಂದು ಬಾಕಿ.

"ತಿಂಗಳುಗಟ್ಟಲೆ ತಿಂದಿದಾರಂತೆ ಕಣ್ರೀ! ಹಸೀದು, ಬೇಯಿಸಿದ್ದು, ಮೇಲೆ ಅದರ ನೀರು ಬೇರೆ!" ಮ್ಯಾನೇಜರ್ ಕಣ್ಣೀರು ಬರುವಷ್ಟು ನಕ್ಕರು. "ಅಲ್ರೀ, ಯಾಕ್ರೀ ಅಷ್ಟೊಂದು?"

"ರುಚಿಗೆ ಸಾರ್."

"ಆ ನೀರೂ ರುಚಿಗೇನಾ?"

ಆಮೆಯಣ್ಣ ಹಳದಿ ಅಂಗೈಗಳನ್ನು ಮಡಿಚಿಕೊಂಡ. ಮ್ಯಾನೇಜರರ ನಗು ನಿಧಾನವಾಗಿ ನಿಂತಿತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಕ್ಯಾರೆಟ್ಟನ್ನ ಜನ ಅಷ್ಟು ಹಟ ಹಿಡಿದು ತಿನ್ನೋದು ಒಂದೇ ಒಂದಕ್ಕೆ," ಎಂದು ತಮಗೆ ತಾವೇ ಹೇಳಿಕೊಂಡು ಎದ್ದು ಕಿಟಕಿಯ ಹತ್ತಿರ ಹೋದರು. "ಇಲ್ಲಿ ಬನ್ನಿ. ಆ ಮೂಲೇಲಿ ಏನು ನಿಂತಿದೆ ಹೇಳಿ ನೋಡೋಣ."

ಆಮೆಯಣ್ಣ ಕಣ್ಣು ಕಿರಿದು ಮಾಡಿ ನೋಡಿದ. ದೊಡ್ಡದಾಗಿ, ನೀಲಿಯಾಗಿ ಏನೋ ಇತ್ತು. ಬೆಳಿಗ್ಗೆಯಿಂದ ಅವನು ಹಂಬಲಿಸುತ್ತಿದ್ದದ್ದೂ ಅಂಥದ್ದಕ್ಕೇ. "ನಮ್ಮ ಬಸ್ಸು ಸಾರ್."

ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಿಗೆ ಜೀವ ಬಾಯಿಗೆ ಬಂತು. ಪಾಪ, ಅಣ್ಣನನ್ನು ಉಳಿಸಬೇಕೆಂದು ಅವನ ಕೈ ಅಭ್ಯಾಸಬಲದಿಂದ ಸೀಟಿಗೆ ಹೋಯಿತು. ಮೂರು ಗಿಡ್ಡ ಸೀಟಿ ಊದಿಬಿಟ್ಟ.

"ಕೆಂಪು ದೀಪ!" ಎಂದು ಆಮೆಯಣ್ಣನ ಬಾಯಿಂದ ಬಂದೇಬಿಟ್ಟಿತು.

"ಅದು ನೀರಿನ ಟ್ಯಾಂಕು ಕಣ್ರೀ," ಎಂದರು ಮ್ಯಾನೇಜರ್ ಮೆಲ್ಲಗೆ. ಅವರು ಬೈದಿದ್ದರೆ ಚೆನ್ನಾಗಿತ್ತು.

ಕಾಮಾಲೆಯಾಗಿದ್ದರೆ ರಜೆ ಕೊಟ್ಟು, ವಾಸಿಯಾದ ಮೇಲೆ ಬಸ್ಸು ವಾಪಸು ಕೊಡುತ್ತಿದ್ದರು. ಆಗಿದ್ದದ್ದು ಕ್ಯಾರೆಟ್ಟು. ಮ್ಯಾನೇಜರ್ ಕರುಣೆಯುಳ್ಳವರು, ಮನೆಗೆ ಕಳಿಸಲಿಲ್ಲ. ಮಧ್ಯಾಹ್ನದಿಂದಲೇ ಡಿಪೋದ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಹಾಕಿದರು. ಕಂಡಕ್ಟರನ ಸೀಟಿಯ ವಿಚಾರಣೆ ನಾಳೆಗೆ ಎಂದರು.

ಅಡುಗೆಯವನು ಹೊಸಬ, ಅವನಿಗೆ ಈ ರಾಮಾಯಣ ಒಂದೂ ಗೊತ್ತಿರಲಿಲ್ಲ. ಒಂದು ಮಣೆ ಕೊಟ್ಟು, ಮುಂದೆ ಒಂದು ಮೂಟೆ ಸುರಿದ. ಬಣ್ಣದಿಂದಲೇ ಆಮೆಯಣ್ಣನಿಗೆ ಅದೇನೆಂದು ಗೊತ್ತಾಯಿತು. ಕೈಯಲ್ಲಿ ತಡವಿಕೊಂಡು ಸಿಪ್ಪೆ ಹೆರೆಯತೊಡಗಿದ.

ಹೊರಗೆ ಅವನ ಬಸ್ಸನ್ನು ಬೇರೆ ಯಾರೋ ಶುರು ಮಾಡಿದರು. ಕಂಡಕ್ಟರ್ ಎರಡು ಸೀಟಿ ಊದಿದ. ಮಣೆಯ ಮುಂದಿದ್ದ ಆಮೆಯಣ್ಣನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಬಸ್ಸು ಅವನಿಲ್ಲದೆ ಹೊರಟುಹೋಯಿತು, ಅದೂ ಭರ್ರೆಂದು.

ಅವನ ಕಣ್ಣು ಒದ್ದೆಯಾದದ್ದನ್ನು ಅಡುಗೆಯವನು ನೋಡಿದ. ಒಳ್ಳೆಯವನೇ, ಪಾಪ. ರಾಶಿಯಿಂದ ದಪ್ಪನೆಯದೊಂದನ್ನು ಆರಿಸಿ, ತೊಳೆದು, ಅವನ ಹಳದಿ ಅಂಗೈ ಮೇಲಿಟ್ಟ.

"ಯಾಕಣ್ಣ, ಕಣ್ಣು ಉರಿಯುತ್ತಾ? ತಗೊಳ್ಳಿ, ಒಂದು ತಿನ್ನಿ. ಕಣ್ಣಿಗೆ ಭಾಳ ಒಳ್ಳೇದು."