ದೊಡ್ಡ ಕೆಪಾಸಿಟರಿನ ಮರ್ಯಾದೆ

ಯಂತ್ರ ರಿಪೇರಿ ಮಾಡುವುದು ಸುಲಭ, ಅದರ ಯಜಮಾನರನ್ನು ಒಪ್ಪಿಸುವುದೇ ಕಷ್ಟ. ಉಡುಪಿಯ ನನ್ನ ಅಂಗಡಿಯಲ್ಲಿ ವಾರಕ್ಕೊಂದಾದರೂ ಇಂಥ ಫಜೀತಿ ಇದ್ದೇ ಇರುತ್ತಿತ್ತು. ಅದರಲ್ಲೂ ಕೆಪಾಸಿಟರ್ ಎಂಬ, ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಬಿಡುವ ಪುಟ್ಟ ಡಬ್ಬಿ ನನ್ನ ಜೀವ ತಿಂದಷ್ಟು ಬೇರೆ ಯಾವುದೂ ತಿಂದಿಲ್ಲ.

ಗಾತ್ರದ ಪ್ರಶ್ನೆ

ಎಪ್ಪತ್ತರ ದಶಕದ ಕೊನೆ. ಕಾಪು ಕಡೆಯ ಮಟ್ಟುವಿನಿಂದ ಒಬ್ಬ ಕೃಷಿಕರು ಹಳೆಯ ರೇಡಿಯೋ ಹೊತ್ತು ತಂದರು. ಹೆಬ್ಬೆರಳಿಗಿಂತ ದಪ್ಪದ ಕೆಪಾಸಿಟರ್ ಕೆಟ್ಟಿತ್ತು. ತೆಗೆದು ಹೊಸದು ಹಾಕಿದೆ. ಹೊಸದು ಕಿರುಬೆರಳಿನಷ್ಟೂ ಇರಲಿಲ್ಲ.

ಅವರು ಎರಡನ್ನೂ ನೋಡಿದರು. "ದೊಡ್ಡದು ತೆಗೆದು ಸಣ್ಣದು ಹಾಕಿದ್ದೀರಲ್ಲ, ಇದು ಯಾವ ನ್ಯಾಯ?"

"ಈಗಿನದ್ದು ಹಾಗೇ. ಶಕ್ತಿ ಅಷ್ಟೇ ಉಂಟು."

"ನಾನು ನಿಮಗೆ ಗೋಲಿಯಷ್ಟು ಗುಳ್ಳ ಬದನೆ ಕೊಟ್ಟು, ಈಗಿನದ್ದು ಹಾಗೇ ಅಂದರೆ ಒಪ್ಪುತ್ತೀರಾ?"

ನಾನೂ ಒಪ್ಪುತ್ತಿರಲಿಲ್ಲ. ಗೊಣಗುತ್ತಲೇ ರೇಡಿಯೋ ಒಯ್ದರು. ಎರಡು ದಿನ ಬಿಟ್ಟು ಮತ್ತೆ ಬಂದರು. ವಾರ್ತೆ ಓದುವವರ ದನಿ ಸೊರಗಿದೆ ಎಂದು ದೂರು. ನನಗೆ ಸಿಟ್ಟು ಬಂತು. ಬಿಸ್ಕಿಟ್ ಡಬ್ಬಿಯಲ್ಲಿ ಕೂಡಿಟ್ಟಿದ್ದ ಸತ್ತ ಕೆಪಾಸಿಟರುಗಳಲ್ಲಿ ಎಲ್ಲಕ್ಕಿಂತ ದಪ್ಪದ್ದನ್ನು ಹುಡುಕಿ, ಯಾವ ತಂತಿಗೂ ಜೋಡಿಸದೆ ರೇಡಿಯೋದ ಒಳಗೆ ಗಟ್ಟಿಯಾಗಿ ಕಟ್ಟಿ ಕೊಟ್ಟೆ.

ಕೃಷಿಕರು ಕಿವಿಯಿಟ್ಟು ಕೇಳಿದರು. ಮುಖ ಅರಳಿತು.

"ಈಗ ನೋಡಿ, ಊಟ ಮಾಡಿ ಬಂದು ಓದುವ ಹಾಗೆ ಉಂಟು!"

ಮಾಸ್ಟ್ರ ಪ್ರಯೋಗ

ಕಾರ್ಕಳದ ನಿವೃತ್ತ ವಿಜ್ಞಾನ ಮಾಸ್ಟ್ರ ಮನೆಗೆ ಟಿವಿ ರಿಪೇರಿಗೆ ಹೋಗಿದ್ದೆ. ಹಿಂದಿನ ಮುಚ್ಚಳ ತೆಗೆದ ಕೂಡಲೇ ಅವರು ಬೆರಳು ತೋರಿಸುತ್ತಾ ಹತ್ತಿರ ಬಂದರು.

"ಮುಟ್ಟಬೇಡಿ ಮಾಸ್ಟ್ರೇ. ಪ್ಲಗ್ ತೆಗೆದರೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ."

"ನನಗೆ ಪಾಠ ಹೇಳ್ತೀರಾ? ಇಕೊಳ್ಳಿ, ಪ್ಲಗ್ ನನ್ನ ಕೈಯಲ್ಲೇ ಉಂಟು. ಕರೆಂಟು ಎಲ್ಲಿಂದ ಬರುವುದು?" ಎಂದು ಎಡಗೈಯಲ್ಲಿ ಪ್ಲಗ್ ಎತ್ತಿ ತೋರಿಸಿ, ಬಲಗೈ ಬೆರಳನ್ನು ಒಳಗೆ ಹಾಕಿಯೇ ಬಿಟ್ಟರು.

ಮರುಕ್ಷಣ ಅವರು ಆರಾಮ ಕುರ್ಚಿಯಲ್ಲಿದ್ದರು. ಕೂತದ್ದಲ್ಲ, ಬಿದ್ದದ್ದು. ಒಳಗಿನಿಂದ ಹೆಂಡತಿ "ಎಂತ ಆಯ್ತು?" ಎಂದು ಕೂಗಿದರು.

ಮಾಸ್ಟ್ರು ಸಾವರಿಸಿಕೊಂಡು ಹೇಳಿದರು: "ಏನಿಲ್ಲ. ನಮ್ಮೂರಿನ ಕರೆಂಟು ಪ್ಲಗ್ ಹಾಕಿದಾಗ ಇರುವುದಿಲ್ಲ, ತೆಗೆದಾಗ ಇರುತ್ತದೆ!"

ಕಡಲೆ ಕಾಳು

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಮಣಿಪಾಲದ ಒಂದು ಆಫೀಸಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಎಸಿ ಕೋಣೆ, ಬಾಗಿಲಲ್ಲಿ ಚಪ್ಪಲಿ ಬಿಡುವ ನಿಯಮ. ಒಂದು ಬೆಳಿಗ್ಗೆ ಸ್ವಿಚ್ ಹಾಕಿದಾಗ ಒಳಗೆ ಪಟಾಕಿ ಸಿಡಿದ ಸದ್ದಾಗಿ ಹೊಗೆ ಬಂತಂತೆ. ಬೊಂಬಾಯಿಯ ಎಂಜಿನಿಯರ್ ಬರಲು ಹದಿನೈದು ದಿನ ಬೇಕು. ಮ್ಯಾನೇಜರ್ ನನಗೆ ಹೇಳಿ ಕಳಿಸಿದರು.

"ರಿಪೇರಿ ಮಾಡಿ. ಬೊಂಬಾಯಿಯವರು ಬಂದು ನೋಡಿ ಸರಿ ಅಂದರೆ ಇನ್ನು ಇಲ್ಲಿನ ಎಲ್ಲ ಯಂತ್ರಗಳೂ ನಿಮ್ಮ ಕೈಗೆ. ತಪ್ಪು ಅಂದರೆ ನೀವು ರೇಡಿಯೋಕ್ಕೇ ಸಾಕು."

ಕಂಪ್ಯೂಟರನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮುಚ್ಚಳ ತೆಗೆದರೆ ಮದರ್‌ಬೋರ್ಡಿನ ಮೇಲೆ, ಕಡಲೆ ಕಾಳಿನಷ್ಟಿದ್ದ ಕೆಪಾಸಿಟರ್ ಒಂದು ಸುಟ್ಟು ಕರಿಯಾಗಿ ಕೂತಿತ್ತು. ನೆಂಟನನ್ನು ಕಂಡಷ್ಟು ಖುಷಿಯಾಯಿತು. ಬೆಸುಗೆ ಬಿಡಿಸಿ, ಹೊಸದು ಕೂರಿಸಿ, ದೇವರ ಹೆಸರು ಹೇಳಿ ಸ್ವಿಚ್ ಹಾಕಿದೆ. ಪರದೆಯಲ್ಲಿ ಹಸಿರು ಅಕ್ಷರ ಮೂಡಿತು.

ಸುಟ್ಟ ಕಾಳನ್ನು ಅಂಗೈಯಲ್ಲಿಟ್ಟುಕೊಂಡ ಮ್ಯಾನೇಜರ್ ಮುಖ ಬಾಡಿತು. "ಇಷ್ಟೇಯಾ? ನಾಲ್ಕು ಜನ ಹೊತ್ತು ತಂದ ಯಂತ್ರ ಇದರಿಂದ ನಿಂತಿತು ಅಂತ ಮೇಲಿನವರಿಗೆ ಹೇಗೆ ಹೇಳುವುದು ಮಾರಾಯ್ರೆ? ದೊಡ್ಡದು ಯಾವುದೂ ಹಾಕಲಿಕ್ಕಿಲ್ವಾ?"

ನನಗೆ ಮಟ್ಟುವಿನ ರೇಡಿಯೋ ನೆನಪಾಯಿತು. ಮರುದಿನ ಬಿಸ್ಕಿಟ್ ಡಬ್ಬಿಯಿಂದ ಇನ್ನೊಂದು ಸತ್ತ ದಪ್ಪ ಕೆಪಾಸಿಟರ್ ತಂದು, ಟೇಪು ಸುತ್ತಿ ಕ್ಯಾಬಿನೆಟ್ಟಿನ ಖಾಲಿ ಮೂಲೆಯಲ್ಲಿ ಬಿಗಿದೆ.

"ಹಾಂ, ಈಗ ರಿಪೇರಿಯಾದ ಹಾಗೆ ಕಾಣುತ್ತದೆ!" ಎಂದರು ಮ್ಯಾನೇಜರ್.

ಬೊಂಬಾಯಿಯ ತೀರ್ಪು

ಎಂಜಿನಿಯರ್ ಬಂದ ದಿನ ನನ್ನನ್ನೂ ಕರೆಸಿದರು. ಅವರು ಮುಚ್ಚಳ ತೆಗೆದು, ನನ್ನ ಬೆಸುಗೆ ನೋಡಿ ಮೆಚ್ಚಿ ತಲೆಯಾಡಿಸಿದರು. ಆಮೇಲೆ ಅವರ ಕಣ್ಣು ಮೂಲೆಗೆ ಹೋಗಿ ಅಲ್ಲೇ ನಿಂತಿತು. ನನ್ನ ಅಂಗಿ ಎಸಿಯಲ್ಲೂ ಒದ್ದೆಯಾಯಿತು. ಹೊಟ್ಟೆಪಾಡಿನ ಕೆಲಸವನ್ನು ತಮಾಷೆ ಮಾಡಿ ಕೆಡಿಸಿಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

"ಒಂದು ಚಾ ಸಿಗಬಹುದಾ?" ಎಂದು ಎಂಜಿನಿಯರ್ ಮ್ಯಾನೇಜರನ್ನು ಹೊರಗೆ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ, ಮೂಲದಲ್ಲಿ ಈ ಕಡೆಯವರೇ ಇರಬೇಕು, ಅಪ್ಪಟ ನಮ್ಮೂರ ಧಾಟಿಯಲ್ಲಿ ಕೇಳಿದರು, "ಎಂತ ಮಾರಾಯ್ರೆ ಇದು? ಯಾವುದಕ್ಕೂ ಕನೆಕ್ಷನ್ನೇ ಇಲ್ಲ!"

ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ಅದು ಯಂತ್ರಕ್ಕಲ್ಲ ಸಾರ್, ಮ್ಯಾನೇಜರಿಗೆ ಹಾಕಿದ್ದು."

ಅಷ್ಟರಲ್ಲಿ ಮ್ಯಾನೇಜರ್ ಚಾ ಹಿಡಿದುಕೊಂಡು ಒಳಗೆ ಬಂದರು. ಎಂಜಿನಿಯರ್ ಗಂಭೀರವಾಗಿ ನುಡಿದರು: "ಕೆಲಸ ಚೊಕ್ಕ ಆಗಿದೆ. ಇನ್ನು ಇವರನ್ನೇ ಕರೆಯಿರಿ. ಆ ದೊಡ್ಡದನ್ನು ಮಾತ್ರ ಯಾರೂ ಮುಟ್ಟಬಾರದು."

ಮ್ಯಾನೇಜರ್ ಆ ದಪ್ಪ ಡಬ್ಬಿಗೆ ಕೈ ಮುಗಿಯುವುದೊಂದು ಬಾಕಿ. ನನಗೆ ಹೋದ ಜೀವ ಬಂತು. ಗೇಟಿನವರೆಗೆ ಬೀಳ್ಕೊಡಲು ಹೋದಾಗ ಎಂಜಿನಿಯರ್ ಸುತ್ತಮುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಂಥದ್ದು ಇನ್ನೊಂದು ನಾಲ್ಕು ಸಿಗಬಹುದಾ? ಬೊಂಬಾಯಿಯಲ್ಲೂ ಮ್ಯಾನೇಜರುಗಳಿದ್ದಾರೆ."