ಡೆರೆಕ್ ಹೊಗಳಿದ ದೋಸೆ

ಓಟ್ಸ್ ಎಂಬ ಧಾನ್ಯವನ್ನು ಕುದುರೆಗಳಿಗೆ ಹಾಕುತ್ತಾರಂತೆ. ಕುದುರೆಗಳಿಗೆ ಅದು ಇಷ್ಟವೋ ಇಲ್ಲವೋ ಎಂದು ಯಾರೂ ಕೇಳಿದ ಹಾಗಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ.

ನನ್ನ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ ಎಂದು ಡಾಕ್ಟರು ಹೇಳಿದ ದಿನವೇ ನನ್ನ ಧರ್ಮಪತ್ನಿ ನವ್ಯಾ ಗ್ರೈಂಡರಿಗೆ ಪ್ಲಾಸ್ಟಿಕ್ ಕವರು ಸುತ್ತಿ ಕಪಾಟಿನ ಮೇಲಕ್ಕೆ ಏರಿಸಿಬಿಟ್ಟಳು. ಮಲೇಷ್ಯಾದ ಪುಚೊಂಗಿನ ನಮ್ಮ ಫ್ಲ್ಯಾಟಿನಲ್ಲಿ ಅಂದಿನಿಂದ ಓಟ್ಸ್ ಸಾಮ್ರಾಜ್ಯ ಸ್ಥಾಪನೆಯಾಯಿತು. ಓಟ್ಸ್ ಉಪ್ಪಿಟ್ಟು, ಓಟ್ಸ್ ಇಡ್ಲಿ, ಓಟ್ಸ್ ಬಿಸಿಬೇಳೆಬಾತ್. (ಒಮ್ಮೆ ಓಟ್ಸ್ ಕೇಸರಿಬಾತೂ ಆಯಿತು. ಅದರ ವಿಷಯ ಈಗ ಬೇಡ.)

"ರೀ, ಮುಖ ಯಾಕ್ ಹಂಗ್ ಮಾಡ್ಕೊಂಡಿದೀರಾ? ನಿಮ್ ಒಳ್ಳೇದಕ್ಕೆ ತಾನೇ ಮಾಡ್ತಿರೋದು?" ಎನ್ನುತ್ತಿದ್ದಳು ನವ್ಯಾ.

"ತಿಂಗಳಿಗೊಂದ್ ಸಲ ಒಂದೇ ಒಂದು ಮಸಾಲೆ ದೋಸೆ ತಿಂದ್ರೆ ಏನಾಗತ್ತೆ ಕಣೇ?"

"ಅಪ್ಪಾ, ಇಟ್ಸ್ ಫಾರ್ ಯುವರ್ ಹಾರ್ಟ್ ಲಾ," ಎಂದು ಮಗಳು ಪೂರ್ವಿ ಮೊಬೈಲಿನಿಂದ ತಲೆ ಎತ್ತದೆಯೇ ತೀರ್ಪು ಕೊಡುತ್ತಿದ್ದಳು.

ನವ್ಯಾ ಮೈಸೂರಿನವಳು. ಅವಳ ಮಸಾಲೆ ದೋಸೆಯನ್ನು ನೀವು ತಿಂದಿಲ್ಲ, ಆದ್ದರಿಂದ ನನ್ನ ಸಂಕಟ ನಿಮಗೆ ಪೂರ್ತಿ ಅರ್ಥವಾಗುವುದಿಲ್ಲ. ಅಂಚು ಗರಿಗರಿ, ನಡುವೆ ಮೆತ್ತಗೆ, ಒಳಗೆ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಅರೆದ ಕೆಂಪು ಚಟ್ನಿ, ಅದರ ಮೇಲೆ ಆಲೂಗಡ್ಡೆ ಪಲ್ಯ, ಎಲ್ಲಕ್ಕಿಂತ ಮೇಲೆ ಕರಗುತ್ತಾ ಜಾರುವ ಬೆಣ್ಣೆ. ಆ ಕೆಂಪು ಚಟ್ನಿಗಾಗಿಯೇ ನಾನು ಅವಳನ್ನು ಮದುವೆಯಾದೆ ಎಂದರೆ ಅವಳಿಗೆ ಬೇಜಾರಾಗುತ್ತದೆ. ಹಾಗಾಗಿ ಹೇಳಿಲ್ಲ.

ಇಂಥ ಕಷ್ಟಕಾಲದಲ್ಲಿ ನನಗೆ ಸಿಕ್ಕಿದವನು ಡೆರೆಕ್. ಸೈಬರ್‌ಜಯಾದ ನಮ್ಮ ಆಫೀಸಿನಲ್ಲೇ ಕೆಲಸ, ನಮ್ಮ ಕಟ್ಟಡದಲ್ಲೇ ಮನೆ. ಆದ್ದರಿಂದ ದಿನವೂ ನನ್ನ ಕಾರಿನಲ್ಲೇ ಪ್ರಯಾಣ. ಅಪ್ಪಟ ಇಂಗ್ಲೆಂಡಿನವನು. ಟೊಮೇಟೊ ರಸದಲ್ಲಿ ಬೆಂದ ಬೀನ್ಸ್ ಕಾಳು, ತುಪ್ಪದ ಹಾಗೆ ಎಣ್ಣೆ ಸುರಿಯುವ ಕರಿದ ಬ್ರೆಡ್ಡು, ಗಟ್ಟಿ ಚಹಾ, ಇವಿಷ್ಟು ಇಲ್ಲದಿದ್ದರೆ ಅದು ತಿಂಡಿಯೇ ಅಲ್ಲ ಎಂದು ನಂಬಿ ಬೆಳೆದವನು. ಮಲೇಷ್ಯಾಕ್ಕೆ ಬರುವ ಮುಂಚೆ ಗಂಡ ಹೆಂಡತಿ ಅಮೆರಿಕದಲ್ಲಿ ಬಹಳ ವರ್ಷ ಇದ್ದರು. ಅಲ್ಲಿ ಅವನ ಹೆಂಡತಿ ಹೇಝೆಲ್ ಅಡುಗೆಮನೆಯ ಮಟ್ಟಿಗೆ ಪೂರಾ ಅಮೆರಿಕದವಳಾಗಿಬಿಟ್ಟಳು. ಬೆಳಗೆದ್ದರೆ ಪ್ಯಾನ್‌ಕೇಕು. ಅದರ ಮೇಲೆ ಧಾರಾಕಾರವಾಗಿ ಮೇಪಲ್ ಸಿರಪ್ಪು.

ಅವನ ಗೋಳನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ: "ದಿನಾ ಬೆಳಿಗ್ಗೆ ಹುಟ್ಟುಹಬ್ಬದ ಕೇಕ್ ತಿಂದ ಹಾಗಾಗತ್ತೆ ಮಧ್ವ. ಹಲ್ಲೆಲ್ಲಾ ಸಿಹಿ."

"ಬೇಡ ಅಂತ ಹೇಳಬಾರದಾ ಮಾರಾಯಾ?"

"ಮೊದಲನೇ ದಿನ 'ಲವ್ಲಿ' ಅಂದುಬಿಟ್ಟೆ. ಇಷ್ಟು ವರ್ಷದ ಮೇಲೆ ಈಗ ಹೇಗೆ ಬದಲಾಯಿಸೋದು?"

ನಾನು ಅವನನ್ನು ನೇರವಾಗಿ ಕಾಸಿಮಣ್ಣನ ಮಾಮಕ್ ಅಂಗಡಿಗೆ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿಗೆ, ಕರೆದುಕೊಂಡು ಹೋದೆ. ರೋಟಿ ಚನಾಯ್ ಎಂಬ ಪರೋಟವನ್ನು ಬೇಳೆಸಾರಿನಲ್ಲಿ ಅದ್ದಿ ಮೊದಲ ತುತ್ತು ಬಾಯಿಗಿಟ್ಟವನೇ ಡೆರೆಕ್ ಇಡೀ ರೋಟಿಯನ್ನು ಒಂದೇ ಉಸಿರಿಗೆ ಮುಗಿಸಿಬಿಟ್ಟ. ಆಮೇಲೆ, "ಇದು ಕರಿದ ಬ್ರೆಡ್ಡು ಮತ್ತು ಬೀನ್ಸೇ ಕಣೋ. ಆಕಾರ ಮಾತ್ರ ಗುಂಡಗಿದೆ," ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಎರಡು ದೋಸೆ ತರಿಸಿಕೊಂಡೆ. ಪಲ್ಯವಿಲ್ಲ, ಕೆಂಪು ಚಟ್ನಿಯಿಲ್ಲ, ಆದರೂ ಓಟ್ಸಂತೂ ಅಲ್ಲ.

ಮಾರನೆಯ ದಿನದಿಂದ ಇಬ್ಬರೂ ಮನೆ ಬೇಗ ಬಿಡತೊಡಗಿದೆವು. ಹೆಂಡತಿಯರಿಗೆ ಹೇಳಿದ ಕಾರಣ, ರಸ್ತೆಯಲ್ಲಿ ವಿಪರೀತ ಜಾಮ್. "ಪಾಪ, ಎಷ್ಟು ಕಷ್ಟ ಪಡ್ತೀರಪ್ಪಾ," ಎಂದು ನವ್ಯಾ ನನ್ನ ಓಟ್ಸನ್ನು ಡಬ್ಬಿಗೆ ತುಂಬಿ ಕೊಡುತ್ತಿದ್ದಳು; ಹೇಝೆಲ್ ಅವನ ಪ್ಯಾನ್‌ಕೇಕನ್ನು. (ಆಫೀಸಿನ ಪಾರಿವಾಳಗಳ ಕೊಲೆಸ್ಟರಾಲ್ ಈಗ ಬಹಳ ಚೆನ್ನಾಗಿರಬೇಕು.)

ಇಷ್ಟಕ್ಕೇ ತೃಪ್ತನಾಗಿ ಸುಮ್ಮನಿದ್ದಿದ್ದರೆ ಈ ಕಥೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಒಂದು ದಿನ ಕಾಸಿಮಣ್ಣನ ಸಪ್ಪೆ ಚಟ್ನಿಯನ್ನು ನೆಕ್ಕುತ್ತಿರುವಾಗ ನನಗೊಂದು ಮಹದಾಲೋಚನೆ ಹೊಳೆಯಿತು. ನವ್ಯಾ ನನಗೆ ದೋಸೆ ಮಾಡುವುದಿಲ್ಲ, ಸರಿ. ಅತಿಥಿಗಳಿಗೆ ಮಾಡದೆ ಇರುತ್ತಾಳೆಯೇ?

"ಡೆರೆಕ್ ದಂಪತಿಗೆ ನಮ್ಮ ತಿಂಡಿ ತಿನ್ನಬೇಕು ಅಂತ ಬಹಳ ಆಸೆಯಂತೆ ಕಣೇ," ಎಂದೆ ಸಂಜೆ, ಆದಷ್ಟು ನಿರ್ಲಿಪ್ತನಾಗಿ.

"ಓಟ್ಸ್ ಇಡ್ಲಿ ಮಾಡಲಾ?"

"ಛೆ ಛೆ, ಮೈಸೂರಿನ ಮರ್ಯಾದೆ ಪ್ರಶ್ನೆ. ಅವರು ನಾಳೆ ಊರಿಗೆ ಹೋಗಿ ಭಾರತದವರು ಓಟ್ಸ್ ತಿಂತಾರೆ ಅಂದ್ರೆ?"

ಬಾಣ ನಾಟಿತು. ಶನಿವಾರ ಗ್ರೈಂಡರು ಕಪಾಟಿನಿಂದ ಇಳಿಯಿತು. ಅದು ಗುರುಗುಟ್ಟಿದ ಸದ್ದು ಕೇಳಿ ನನಗೆ ಮೈ ಜುಮ್ಮೆಂದಿತು. ನಾನೇ ಬೆಳ್ಳುಳ್ಳಿ ಸುಲಿದೆ. ಯಾರೂ ಹೇಳದೆಯೇ ಆಲೂಗಡ್ಡೆ ತೊಳೆದೆ. ಹಿಟ್ಟು ಉಕ್ಕುತ್ತಿದೆಯೇ ಎಂದು ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಿದೆ. "ಅಪ್ಪಾ, ವೈ ಆರ್ ಯು ಸೋ ಹ್ಯಾಪಿ?" ಎಂದು ಪೂರ್ವಿ ಅನುಮಾನದಿಂದ ಕೇಳಿದಳು. ಅತಿಥಿ ಸತ್ಕಾರದ ಮಹತ್ವದ ಬಗ್ಗೆ ಪುಟ್ಟ ಭಾಷಣ ಮಾಡಿದೆ.

ಭಾನುವಾರ ಡೆರೆಕ್, ಹೇಝೆಲ್ ಬಂದರು. ಹೇಝೆಲ್ ಕೈಯಲ್ಲಿ ಉಡುಗೊರೆಯಾಗಿ ಒಂದು ದೊಡ್ಡ ಸೀಸೆ ಮೇಪಲ್ ಸಿರಪ್. ನಮ್ಮಲ್ಲಿ ಕಾವಲಿಯಿಂದ ಎದ್ದ ದೋಸೆ ಮೊದಲು ಅತಿಥಿಗೆ, ಆಮೇಲೆ ಮಕ್ಕಳಿಗೆ, ಮನೆಯ ಯಜಮಾನನಿಗೆ ಏನಿದ್ದರೂ ಕೊನೆಗೆ. ನಾನು ಬಾಯಲ್ಲಿ ನೀರು ತುಂಬಿಕೊಂಡು ಕೂತೆ. ಮೊದಲನೆಯದು ಹೇಝೆಲ್‌ಗೆ, ಎರಡನೆಯದು ಡೆರೆಕ್‌ಗೆ, ಮೂರನೆಯದು ಪೂರ್ವಿಗೆ. ನಾಲ್ಕನೆಯದು ನನ್ನದು.

ಅಡುಗೆಮನೆಯ ಬಾಗಿಲಿನಿಂದ ಎಲ್ಲವೂ ಕಾಣುತ್ತಿತ್ತು. ನವ್ಯಾ ಹಿಟ್ಟು ಹುಯ್ದಳು. ಚುಂಯ್ ಎಂದಿತು. ಕೆಂಪು ಚಟ್ನಿ ಸವರಿದಳು. ಪಲ್ಯ ಇಟ್ಟಳು. ಬೆಣ್ಣೆ ಇಟ್ಟಳು, ಅದೂ ಎರಡು ಸಲ, ಸ್ವಂತ ಇಚ್ಛೆಯಿಂದ. ಅವಳ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಆಗ ಡೆರೆಕ್ ಬಾಯಿ ಒರೆಸಿಕೊಂಡ. ಇಷ್ಟವಿಲ್ಲದ ಪ್ಯಾನ್‌ಕೇಕನ್ನೂ ಹೊಗಳಿದವನು ಅವನು. ಆದರೆ ಈ ಸಲ ಬರೀ 'ಲವ್ಲಿ' ಸಾಲದು ಎಂದು ಅವನಿಗೆ ಪ್ರಾಮಾಣಿಕವಾಗಿ ಅನ್ನಿಸಿತು.

"ನವ್ಯಾ," ಎಂದ ಗಂಭೀರವಾಗಿ, "ಮಧ್ವ ಮತ್ತೆ ನಾನು ದಿನಾ ಬೆಳಿಗ್ಗೆ ಮಾಮಕ್‌ನಲ್ಲಿ ತಿನ್ನೋ ದೋಸೆ ಇದರ ಮುಂದೆ ಏನೇನೂ ಅಲ್ಲ."

ನವ್ಯಾಳ ಸೌಟು ಗಾಳಿಯಲ್ಲೇ ನಿಂತಿತು. ಕಾವಲಿ ಮಾತ್ರ ಚುಂಯ್ ಎನ್ನುತ್ತಿತ್ತು.

"ದಿನಾ ಬೆಳಿಗ್ಗೆ?" ಎಂದಳು ಹೇಝೆಲ್. "ಹಾಗಾದರೆ ನನ್ನ ಪ್ಯಾನ್‌ಕೇಕ್?"

"ಲವ್ಲಿ," ಎಂದ ಡೆರೆಕ್. ಆಮೇಲೆ ತಲೆ ತಗ್ಗಿಸಿ, "ಸಾರಿ. ನನಗದು ಯಾವತ್ತೂ ಸೇರಲಿಲ್ಲ," ಎಂದ.

ಇನ್ನೇನು ಮಹಾಯುದ್ಧ ಎಂದುಕೊಂಡೆ. ಹೇಝೆಲ್ ನಗಲು ಶುರು ಮಾಡಿದಳು. "ನನಗೂ ಸೇರಲ್ಲ. ನೀನು ಲವ್ಲಿ ಅಂದೆ ಅಂತ ಇಷ್ಟು ವರ್ಷ ಮಾಡಿದೆ," ಎಂದು ಗಂಡನ ಕೈ ಹಿಡಿದುಕೊಂಡಳು. ಇಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ನಗುತ್ತಾ ಕೂತರು.

ನಾನೂ ಆಸೆಯಿಂದ ನವ್ಯಾಳ ಕಡೆ ನೋಡಿ ನಕ್ಕೆ. ಅವಳು ನನ್ನ ದೋಸೆಯನ್ನು ನೀಟಾಗಿ ಮಡಚಿ, ತಟ್ಟೆಗೆ ಹಾಕಿಕೊಂಡು ಬಂದಳು. ನನ್ನ ತಟ್ಟೆಯ ಪಕ್ಕದಲ್ಲೇ ಹಾದು ಹೋಗಿ ಹೇಝೆಲ್‌ಗೆ ಬಡಿಸಿದಳು.

"ನಿಮಗೆ ಜಾಮ್ ಇದೆಯಲ್ಲಾ ರೀ," ಎಂದಳು.

ಅಂದಿನ ಹಿಟ್ಟೆಲ್ಲ ಅತಿಥಿಗಳಿಗೇ ಮುಗಿಯಿತು. ಮಾರನೆಯ ಬೆಳಿಗ್ಗೆ ನನಗೆ ಓಟ್ಸ್ ಪ್ಯಾನ್‌ಕೇಕ್ ಕಾದಿತ್ತು. ಮನೆಗೆ ಬಂದ ಸಿರಪ್ಪಿನ ಸೀಸೆ ಖಾಲಿಯಾಗುವವರೆಗೆ ಅದೇ ಎಂದು ಆಜ್ಞೆಯಾಯಿತು. ನವ್ಯಾ ಮತ್ತು ಹೇಝೆಲ್ ಬೆಳಗಿನ ವಾಕಿಂಗ್ ಶುರು ಮಾಡಿದರು. ಡೆರೆಕ್ ಕೂಡ ಅವರ ಜೊತೆ ನಡೆಯುತ್ತಾನಂತೆ, ನಾನು ಅವನನ್ನು ಮುಖ್ಯರಸ್ತೆಯಲ್ಲಿ ಹತ್ತಿಸಿಕೊಂಡರೆ ಸಾಕಂತೆ.

ಒಂದು ವಾರ ತಡೆದುಕೊಂಡೆ. ಆಮೇಲೆ ತಡೆಯಲಾಗದೆ, ಸ್ವಲ್ಪ ಬೇಗ ಹೊರಟು, ಕಾಸಿಮಣ್ಣನ ಅಂಗಡಿಗೆ ನುಗ್ಗಿದೆ. ನಮ್ಮ ಮಾಮೂಲಿ ಮೇಜಿನಲ್ಲಿ ನವ್ಯಾ, ಹೇಝೆಲ್, ನಡುವೆ ಡೆರೆಕ್. ಮೂವರ ತಟ್ಟೆಯಲ್ಲೂ ದೋಸೆ. ದೋಸೆಯೊಳಗೆ ಕೆಂಪಗೆ ಹೊಳೆಯುವ ಚಟ್ನಿ.

"ಬಾಸ್, ಅಕ್ಕಾ ಚಟ್ನಿ ಸೊಲ್ಲಿ ಕುಡುತ್ತಾಂಗ," ಎಂದು ಕಾಸಿಮಣ್ಣ ನವ್ಯಾಳ ಕಡೆ ಕೈ ತೋರಿಸಿ ಹಿಗ್ಗಿನಿಂದ ಹೇಳಿದ. ಅಕ್ಕ ಹೇಳಿಕೊಟ್ಟ ಚಟ್ನಿಗೆ ಪುಚೊಂಗೇ ಮುಗಿಬಿದ್ದಿದೆಯಂತೆ. ಸುತ್ತ ನೋಡಿದೆ. ಚೀನೀ ಹುಡುಗರು, ಮಲಾಯ್ ಹೆಂಗಸರು, ಟ್ಯಾಕ್ಸಿ ಡ್ರೈವರು, ಎಲ್ಲರ ಬೆರಳೂ ಕೆಂಪು.

"ನನಗೂ ಒಂದು," ಎಂದೆ.

ಕಾಸಿಮಣ್ಣ ಅಕ್ಕನ ಮುಖ ನೋಡಿದ. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. "ಉಂಗಳುಕ್ಕು ಇಲ್ಲೆ ಲಾ ಬಾಸ್," ಎಂದು ನನ್ನ ಮುಂದೆ ಸಕ್ಕರೆಯಿಲ್ಲದ ಒಂದು ಚಹಾ ಇಟ್ಟ.

"ಡಬ್ಬಿ ಕಾರಲ್ಲೇ ಇದೆ ರೀ," ಎಂದಳು ನವ್ಯಾ ಮೇಜಿನಿಂದಲೇ. "ತಣ್ಣಗಾಗೋ ಮುಂಚೆ ತಿಂದ್ಬಿಡಿ."

"ಸಾರಿ, ಮಧ್ವ," ಎಂದ ಡೆರೆಕ್, ಬಾಯಿ ತುಂಬ ದೋಸೆ ಇಟ್ಟುಕೊಂಡು.

ಅಂದು ಸೈಬರ್‌ಜಯಾದ ರಸ್ತೆಯಲ್ಲಿ ನಿಜವಾಗಿಯೂ ಜಾಮ್ ಇತ್ತು. ನಾನು ಸ್ಟೀರಿಂಗಿನ ಹಿಂದೆ ಓಟ್ಸ್ ಪ್ಯಾನ್‌ಕೇಕ್ ಅಗಿಯುತ್ತಿದ್ದೆ. ಪಕ್ಕದಲ್ಲಿ ಡೆರೆಕ್ ದಾರಿಯುದ್ದಕ್ಕೂ ಬೆರಳು ಮೂಸಿ ನೋಡಿಕೊಳ್ಳುತ್ತಿದ್ದ.